ಸೈಬೀರಿಯದ ರೈಲಿನಲ್ಲಿ ಸಹಪಂಕ್ತಿ

ರಶಿಯಾ ದೇಶದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವರ್ತಕನ ಹೆಸರನ್ನು ನಮ್ಮ ಭಾಗದ ಇತಿಹಾಸ ಬಲ್ಲವರು ಕೇಳಿರುತ್ತಾರೆ. ಕ್ರಿ.ಶ. 1470ರ ಆಸುಪಾಸಿನಲ್ಲಿ ಆತ ವೋಲ್ಗಾ ನದಿಯ ಗುಂಟ ಇಳಿದು, ಕ್ಯಾಸ್ಪಿಯನ್ ಸಮುದ್ರವನ್ನು ದಾಟಿ, ಪರ್ಶಿಯಾ ದೇಶವನ್ನು ಹಾಯ್ದು, ಮಾರಾಟಕ್ಕೆಂದು ಒಂದು ಕುದುರೆಯನ್ನು ಹಡಗಿನಲ್ಲಿ ಏರಿಸಿಕೊಂಡು ಚೌಲ್ ಬಂದರಿಗೆ ಬಂದಿಳಿದನು. ಅಲ್ಲಿಂದ ಬಹಮನಿ ಅರಸರ ರಾಜಧಾನಿಯಾಗಿದ್ದ ಬೀದರಕ್ಕೆ ಬಂದು ಬಹುಕಾಲ ಉಳಿದನು. ಮಹಮೂದ ಗಾವಾನನು ಮಂತ್ರಿಯಾಗಿದ್ದ ಕಾಲವದು. ಬೀದರದಿಂದ ಆತ ಇಲ್ಲಿಯ ಜನರೊಡನೆ ‘ಪರ್ವತ’ಕ್ಕೆ ಶಿವರಾತ್ರಿಯ ಜಾತ್ರೆಗೆ ಹೋದನು. ಕರಿಕಲ್ಲಿನ ದೊಡ್ಡ ನಂದಿಯನ್ನೂ ಅದರ ಪಾದಕ್ಕೆ ಮುತ್ತಿಡುವ ಭಕ್ತರನ್ನೂ ಕಂಡು ಬರೆದಿಟ್ಟನು. ಆ ಪರ್ವತವು ನಮ್ಮ ಶ್ರೀಶೈಲವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಆತನ ಬರಹದಲ್ಲಿ ನನ್ನ ಮನಸ್ಸನ್ನು ಚುಚ್ಚಿದ ಮಾತು ಇನ್ನೊಂದಿದೆ. ಈ ನಾಡಿನ ಜನರು ಒಂದು ಮತದವರು ಇನ್ನೊಂದು ಮತದವರೊಡನೆ ಉಣ್ಣುವುದಿಲ್ಲ, ಕುಡಿಯುವುದಿಲ್ಲ, ಸಂಬಂಧ ಬೆಳೆಸುವುದಿಲ್ಲ ಎಂದೂ, ಉಣ್ಣುವಾಗ ಬೇರೆಯವರ ಕಣ್ಣಿಗೆ ಬೀಳದಂತೆ ಬಟ್ಟೆಯಿಂದ ಮರೆಮಾಡಿಕೊಳ್ಳುವವರೂ ಇದ್ದಾರೆಂದೂ ಆತ ಬರೆದನು. ಬೀದರದಿಂದ ಕಲ್ಯಾಣ ಎಷ್ಟು ದೂರ? ಹರಳಯ್ಯ ಮಧುವರಸರ ಬೀಗತನಕ್ಕಾಗಿ ಶರಣರು ಪ್ರಾಣ ತೆತ್ತ ನೆಲವದು. ಅದಾಗಿ ಕೇವಲ ಮುನ್ನೂರು ವರ್ಷಗಳಲ್ಲಿ ಪರದೇಶದ ವರ್ತಕನೊಬ್ಬನು ಕಂಡದ್ದು ಉಣ್ಣುವಾಗ ಮುಖ ತಿರುಗಿಸುವ ಜನರನ್ನು.

ಈ ಮಾತು ನನ್ನ ತಲೆಯಲ್ಲಿದ್ದಾಗಲೇ, 2019ರ ಸೆಪ್ಟೆಂಬರಿನಲ್ಲಿ, ನಾವು ಮೂವರು ಮಿತ್ರರು ನಿಕಿತಿನ್ನನ ನಾಡಿಗೆ ಹೊರಟೆವು. ಒಬ್ಬರು ಕೃಷ್ಣಾ ಕಣಿವೆಯ ಕಾಲುವೆ ಕಾಮಗಾರಿಗಳಲ್ಲಿ ದುಡಿದು ನಿವೃತ್ತರಾದ ಇಂಜಿನಿಯರರು. ಇನ್ನೊಬ್ಬರು ಗದಗಿನ ಅಡತಿ ವ್ಯಾಪಾರಸ್ಥರು, ಆಚಾರದಲ್ಲಿ ಬಹಳ ಬಿಗಿ. ಮಾಸ್ಕೋದ ಯಾರಸ್ಲಾವ್ಲ್ ನಿಲ್ದಾಣದಿಂದ ಪೆಸಿಫಿಕ್ ಸಾಗರದ ದಂಡೆಯ ವ್ಲಾದಿವಸ್ತೋಕ್‌ವರೆಗೆ 9,288 ಕಿಲೋಮೀಟರು ರೈಲಿನಲ್ಲಿಯೇ ಹೋಗುವುದೆಂದು ನಿಶ್ಚಯಿಸಿದ್ದೆವು. ಎಲ್ಲಿಯೂ ಇಳಿಯದಿದ್ದರೆ ಅದು ಆರು ದಿನಗಳಿಗೂ ಮೀರಿದ ಹಾದಿ.

ಈ ಹಾದಿಯ ವಿಧಿವತ್ತಾದ ಆರಂಭ 1891ರ ಮೇ ತಿಂಗಳಲ್ಲಿ ವ್ಲಾದಿವಸ್ತೋಕ್‌ನಲ್ಲಿ ಆಯಿತು. ಆರಂಭಿಸಿದವನು ಯುವರಾಜ ನಿಕೊಲಾಯ್, ಮುಂದೆ ರಶಿಯಾದ ಕೊನೆಯ ಚಕ್ರವರ್ತಿಯಾದವನು. ಅದೇ ಪ್ರವಾಸದಲ್ಲಿ ಆತ ಭಾರತವನ್ನೂ ಸುತ್ತಿ ಹೋಗಿದ್ದನು. ಖಬಾರೊವ್‌ಸ್ಕ್‌ನಲ್ಲಿ ಅಮೂರ್ ನದಿಯ ಸೇತುವೆ ಮುಗಿದದ್ದು 1916ರಲ್ಲಿ. ಈ ಇಪ್ಪತ್ತೈದು ವರ್ಷ ಸೈನಿಕರು, ರೈತಾಪಿ ಜನ, ಚೀನಾ ಮತ್ತು ಕೊರಿಯಾದ ಕೂಲಿಗಳು, ಗಡಿಪಾರಾದ ಕೈದಿಗಳು ಕಾಡು ಕಡಿದು ಹೆಪ್ಪುಗಟ್ಟಿದ ನೆಲವನ್ನು ಅಗೆದರು. ಇಂಥ ಬಲವಂತದ ದುಡಿಮೆಯನ್ನು ಕಾಯಕವೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ. ಕಾಯಕಕ್ಕೆ ಮನವೊಪ್ಪಬೇಕು.

ನಮ್ಮ ಕೋಣೆಯಲ್ಲಿ ನಾಲ್ಕು ಬರ್ತುಗಳು. ಮೂರು ನಮ್ಮವು, ನಾಲ್ಕನೆಯದಕ್ಕೆ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆಯವರು ಬಂದು ಹೋಗುತ್ತಿದ್ದರು. ಕಿಟಕಿಯ ಕೆಳಗೆ ಎಲ್ಲರಿಗೂ ಸೇರಿದ ಒಂದೇ ಚಿಕ್ಕ ಮೇಜು. ಪ್ರತಿ ಡಬ್ಬಿಗೂ ಒಬ್ಬ ಮೇಲ್ವಿಚಾರಕಿ ಇರುತ್ತಾಳೆ, ಅವಳನ್ನು ‘ಪ್ರವದ್ನೀತ್ಸ’ ಎನ್ನುತ್ತಾರೆ. ಅವಳ ಕೋಣೆಯ ಪಕ್ಕದಲ್ಲಿ ಬಿಸಿನೀರಿನ ದೊಡ್ಡ ಹಂಡೆ, ಹಗಲಿರುಳು ಕುದಿಯುತ್ತಿರುತ್ತದೆ. ಅದರ ದಯೆಯಿಂದ ನಮ್ಮ ಒಗ್ಗರಣೆ ಅವಲಕ್ಕಿ ಮೆದುವಾಗುತ್ತಿತ್ತು. ಕಟಿರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳನ್ನು ಮನೆಯವರು ತಿಂಗಳಿಗಾಗುವಷ್ಟು ಕಟ್ಟಿಕೊಟ್ಟಿದ್ದರು. ಇಂಜಿನಿಯರರು ಮೊದಲ ರಾತ್ರಿಯೇ ಹಳಿಗಳ ಅಂತರದ ಲೆಕ್ಕ ಹೇಳಿದರು: ಅಲ್ಲಿ 1,520 ಮಿಲಿಮೀಟರು, ನಮ್ಮ ಬ್ರಾಡ್‌ಗೇಜು 1,676.

ಪೂಜೆಯ ವಿಷಯ ನನಗೆ ಮೊದಲಿನಿಂದಲೂ ಚಿಂತೆಯಾಗಿತ್ತು. ಸ್ಥಳದ ಚಿಂತೆಯಲ್ಲ. ಕೊರಳಲ್ಲಿ ಕರಡಿಗೆ, ಕರಸ್ಥಲವೇ ಪೀಠ, ಓಡುವ ಬರ್ತಿನ ಮೇಲೆ ಕುಳಿತರೂ ಲಿಂಗಪೂಜೆಗೆ ಕೊರತೆಯಿಲ್ಲ. ಕುದಿಸಿ ಆರಿಸಿದ ನೀರೇ ಅಗ್ಘವಣಿ, ಜೊತೆಗೆ ಒಂದು ಡಬ್ಬಿ ಭಸ್ಮ. ತೊಡಕಿದ್ದದ್ದು ಕಾಲದ್ದು. ಮಾಸ್ಕೋಗೂ ವ್ಲಾದಿವಸ್ತೋಕ್‌ಗೂ ಏಳು ಗಂಟೆಗಳ ಅಂತರ. 2018ರ ಆಗಸ್ಟ್‌ವರೆಗೆ ರಶಿಯಾದ ರೈಲುಗಳೆಲ್ಲ ಮಾಸ್ಕೋ ಗಡಿಯಾರದಂತೆಯೇ ನಡೆಯುತ್ತಿದ್ದವು. ಆಮೇಲೆ ಟಿಕೇಟುಗಳಲ್ಲಿಯೂ ನಿಲ್ದಾಣಗಳಲ್ಲಿಯೂ ಸ್ಥಳೀಯ ಕಾಲ ಬಂದಿತು. ದಿನಕ್ಕೊಂದು ಗಂಟೆ ಎಲ್ಲಿಯೋ ಸೋರಿಹೋಗುತ್ತಿತ್ತು. ನಾನು ಗಡಿಯಾರವನ್ನು ಬಿಟ್ಟು ಸೂರ್ಯನನ್ನು ಹಿಡಿದೆ. ನಿಕಿತಿನ್ನನಿಗೂ ಇದೇ ಸಂಕಟ ಒದಗಿತ್ತು. ವೋಲ್ಗಾದ ದಾರಿಯಲ್ಲಿ ಕಳ್ಳರು ಆತನ ಧರ್ಮಗ್ರಂಥಗಳನ್ನೂ ದೋಚಿದ್ದರಿಂದ ತನ್ನ ಉಪವಾಸದ ದಿನ ಯಾವುದು, ಹಬ್ಬ ಯಾವುದು ಎಂದು ತಿಳಿಯದೆ ನಮ್ಮ ನಾಡಿನಲ್ಲಿ ಅಂದಾಜಿನ ಮೇಲೆ ವ್ರತ ಹಿಡಿದು ಕೊರಗಿದನು. ನೀಜ್ನಿ ನೊವ್‌ಗೊರೊದ್ ಬಳಿ ನಸುಕಿನಲ್ಲಿ ನಮ್ಮ ರೈಲು ವೋಲ್ಗಾ ದಾಟುವಾಗ ನಾನು ಎಚ್ಚರವಿದ್ದೆ. ಆತ ಈ ಊರಿನಲ್ಲಿ ದೋಣಿ ನಿಲ್ಲಿಸಿ ಮುಂದಿನ ಜೊತೆಗಾರರಿಗಾಗಿ ಕಾದಿದ್ದನು.

ಅಂದು ರಾತ್ರಿ ಪೆರ್ಮ್ ನಿಲ್ದಾಣದಲ್ಲಿ ನಾಲ್ಕನೆಯ ಬರ್ತಿಗೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಬಂದರು. ಕ್ರಸ್ನಯಾರ್ಸ್ಕ್‌ನಲ್ಲಿರುವ ಮಗಳ ಮನೆಗೆ ಹೊರಟವರು. ಮೊಮ್ಮಗ ಆ ವರ್ಷವಷ್ಟೇ ಶಾಲೆ ಮುಗಿಸಿದ್ದನಂತೆ. ಕುಳಿತೊಡನೆ ಚೀಲ ಬಿಚ್ಚಿ ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ, ಕಪ್ಪು ಬ್ರೆಡ್ಡು, ಜೊತೆಗೆ ಬೇಯಿಸಿದ ಕೋಳಿ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ನಮ್ಮೆಲ್ಲರತ್ತ ಕೈಮಾಡಿ ಕರೆದರು. ಅಲ್ಲಿಯ ರೈಲಿನ ರೂಢಿ ಅದು. ಮೇಜಿನ ಮೇಲೆ ಇಟ್ಟದ್ದು ಕೋಣೆಯವರೆಲ್ಲರದು.

ಗದಗಿನ ಮಿತ್ರರು ಮಾತಿಲ್ಲದೆ ತಮ್ಮ ಗಂಟು ಎತ್ತಿಕೊಂಡು ಮೇಲಿನ ಬರ್ತು ಹತ್ತಿದರು. ಗೋಡೆಯ ಕಡೆಗೆ ಮುಖ ಮಾಡಿ, ತಲೆಯ ಮೇಲೆ ಟವೆಲು ಎಳೆದುಕೊಂಡು ರೊಟ್ಟಿ ತಿಂದರು. ಕೆಳಗೆ ಅಜ್ಜಿಯ ಕೈ ಅಲ್ಲಿಯೇ ನಿಂತಿತ್ತು. ಇಂಜಿನಿಯರರು ಫೋನಿನ ಸಹಾಯದಿಂದ ನಾವು ಮಾಂಸ ಮುಟ್ಟುವವರಲ್ಲವೆಂದು ತಿಳಿಸಿದರು.

ರಾತ್ರಿ ನಮ್ಮಲ್ಲಿ ವಾದ ನಡೆಯಿತು. ಮಾಂಸವನ್ನು ಒಲ್ಲೆ ಎನ್ನುವುದು ವ್ರತ, ಅದರಲ್ಲಿ ಎರಡು ಮಾತಿಲ್ಲ, ಆದರೆ ಮನುಷ್ಯರನ್ನು ಒಲ್ಲೆ ಎನ್ನುವುದು ಯಾವ ಶಾಸ್ತ್ರ ಎಂದು ನಾನು ಕೇಳಿದೆ. ಶರಣರು ಅಳಿದ ಪಂಚಸೂತಕಗಳಲ್ಲಿ ಜಾತಿಯೂ ಇದೆ, ಎಂಜಲೂ ಇದೆ. ನಿಕಿತಿನ್ ಬೀದರದಲ್ಲಿ ಕಂಡ ಆ ಬಟ್ಟೆಯ ಮರೆಯ ಕಥೆಯನ್ನೂ ಹೇಳಿದೆ. “ಶಾಸ್ತ್ರಿಗಳ, ಆ ಚಾಕು ಅದಕ್ಕೂ ಹಚ್ಚ್ಯಾರ, ಬ್ರೆಡ್ಡಿಗೂ ಹಚ್ಚ್ಯಾರ. ಪುರಾಣ ಸಾಕು, ಮಲಕೋರಿ” ಎಂದರು ಮೇಲಿನಿಂದ. ಚಾಕುವಿನ ಮಾತು ನಿಜವೇ ಆಗಿತ್ತು, ಅದನ್ನು ಅಲ್ಲಗಳೆಯಲಾಗದು. ಮಾಸ್ಕೋದಿಂದ 1,777ನೆಯ ಕಿಲೋಮೀಟರಿನಲ್ಲಿ ಯುರೋಪು ಮುಗಿದು ಏಶಿಯಾ ಆರಂಭವಾಗುವ ಗುರುತಿನ ಕಂಬವಿದೆ. ಅದು ಕತ್ತಲಲ್ಲಿ ಯಾವಾಗ ಹೋಯಿತೋ ಯಾರೂ ನೋಡಲಿಲ್ಲ.

ಬೆಳಿಗ್ಗೆ ನಾನು ಪೂಜೆಗೆ ಕುಳಿತಾಗ ಅಜ್ಜಿ ಎದುರಿನ ಬರ್ತಿನಲ್ಲಿ ಸದ್ದಿಲ್ಲದೆ ಕುಳಿತಿದ್ದರು. ಮುಗಿದ ಮೇಲೆ ತಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡು ‘ಪೋಸ್ತ್?’ ಎಂದು ಕೇಳಿದರು. ಅವರ ಧರ್ಮದಲ್ಲಿ ಮಾಂಸ, ಹಾಲು, ಮೊಟ್ಟೆಗಳನ್ನು ಬಿಡುವ ವ್ರತದ ದಿನಗಳಿಗೆ ಆ ಹೆಸರು. ನಮ್ಮದು ವರ್ಷವಿಡೀ ಪೋಸ್ತ್ ಎಂದು ಇಂಜಿನಿಯರರು ಹೇಗೋ ತಿಳಿಸಿದರು. ಅಜ್ಜಿ ಕೋಳಿಯನ್ನು ಕಾಗದದಲ್ಲಿ ಕಟ್ಟಿ ಚೀಲದ ಅಡಿಗೆ ಸೇರಿಸಿದರು. ಚಾಕುವನ್ನು ಹಂಡೆಯ ಕುದಿನೀರಿನಲ್ಲಿ ತೊಳೆದು ತಂದು, ಹೊಸ ಬ್ರೆಡ್ಡನ್ನು ಕೊಯ್ದು, ಒಂದು ಸೀಸೆಯನ್ನು ತೆರೆದು ‘ಮ್ಯೋದ್’ ಎಂದರು. ಜೇನು! ಸಂಸ್ಕೃತದ ‘ಮಧು’ವೇ ಅದು. ದ್ವಿ ಅವರಲ್ಲಿ ದ್ವಾ, ತ್ರಿ ಎಂದರೆ ತ್ರಿಯೇ, ಅಗ್ನಿ ಅಗೋನ್, ಭ್ರಾತೃ ಬ್ರಾತ್. ಮಠದ ಪಾಠಶಾಲೆಯಲ್ಲಿ ಗುರುಗಳ ಬೆತ್ತಕ್ಕೆ ಹೆದರಿ ಉರುಹಾಕಿದ ಶಬ್ದಗಳು ಸೈಬೀರಿಯದ ಬಾಗಿಲಲ್ಲಿ ಕೈಹಿಡಿದವು. ನಾನು ಒಂದೊಂದೇ ಹೇಳಿದಂತೆ ಅಜ್ಜಿ ಬೆರಳು ಮಡಚಿ ನಗುತ್ತಿದ್ದರು.

ಮೇಲಿನ ಬರ್ತಿನಿಂದ ಮೊದಲು ಕಾಲು ಇಳಿದವು, ಆಮೇಲೆ ಗಂಟು, ಆಮೇಲೆ ಮನುಷ್ಯ. “ತಾಯಿ, ಇದು ನಮ್ಮ ರೊಟ್ಟಿ, ತಗೋರಿ” ಎಂದು ಗದಗಿನ ಕನ್ನಡದಲ್ಲಿಯೇ ಹೇಳಿ ಕಟಿರೊಟ್ಟಿ ಮುರಿದು ಶೇಂಗಾ ಹಿಂಡಿ ಹಾಕಿ ಕೊಟ್ಟರು. ಅಜ್ಜಿಗೆ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂದಿತು. ಆದರೂ ಬಿಡಲಿಲ್ಲ, ರೊಟ್ಟಿಗೆ ಜೇನು ಸವರಿಕೊಂಡು ತಿಂದರು. ಅಲ್ಲಿಂದ ಮುಂದೆ ನಾಲ್ವರದೂ ಒಂದೇ ಮೇಜು. ಹಿಂಡಿಯನ್ನು ಜೇನಿನೊಡನೆ ತಿನ್ನಬಹುದೆಂಬುದು ನಮಗೂ ಹೊಸದು.

ಮರುದಿನ ಮಧ್ಯಾಹ್ನ ಕ್ರಸ್ನಯಾರ್ಸ್ಕ್. ಅಜ್ಜಿಯ ಚೀಲಗಳನ್ನು ಗದಗಿನವರೇ ಹೊತ್ತು ಫಲಾಟಿನವರೆಗೆ ಹೋದರು. ಎತ್ತರದ, ನಾಚಿಕೆಯ ಹುಡುಗನೊಬ್ಬನು ಕಾದಿದ್ದನು. ಅಜ್ಜಿ ಅವನ ಕೈಗೆ ನಮ್ಮ ರೊಟ್ಟಿಯ ಪೊಟ್ಟಣ ಕೊಟ್ಟು ಏನೋ ಹೇಳಿದರು. ಅವನು ನಮಗೆ ಕೈಮುಗಿದನು. ಅದನ್ನು ಅಜ್ಜಿ ಎರಡೇ ದಿನದಲ್ಲಿ ನಮ್ಮಿಂದ ಕಲಿತಿದ್ದರು.

ಇರ್ಕುತ್‌ಸ್ಕ್‌ನಲ್ಲಿ ನಾವು ಎರಡು ದಿನ ಇಳಿದೆವು. 1825ರ ಡಿಸೆಂಬರಿನಲ್ಲಿ ಚಕ್ರವರ್ತಿಯ ವಿರುದ್ಧ ಎದ್ದು ಸೋತ ಸರದಾರರನ್ನು ಸೈಬೀರಿಯಕ್ಕೆ ಅಟ್ಟಿದಾಗ, ಸಿರಿ ಬಿರುದುಗಳನ್ನೆಲ್ಲ ಬಿಟ್ಟು ಗಂಡಂದಿರ ಹಿಂದೆ ಬಂದ ಹೆಣ್ಣುಮಕ್ಕಳ ನೆನಪು ಆ ಊರಿನಲ್ಲಿ ಇನ್ನೂ ಹಸಿಯಾಗಿದೆ. ಮರೀಯ ವೊಲ್ಕೊನ್‌ಸ್ಕಯ ಎಂಬಾಕೆ ಹಸುಗೂಸನ್ನು ಬಿಟ್ಟು ಬಂದಳು, ಮತ್ತೆ ಅದನ್ನು ಕಾಣಲಿಲ್ಲ. ಗಂಡನನ್ನು ಗಣಿಯ ಸೆರೆಯಲ್ಲಿ ಕಂಡಾಗ ಮೊದಲು ಅವನ ಕಾಲಿನ ಸರಪಳಿಗೆ ಮುತ್ತಿಟ್ಟಳಂತೆ. ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ಬೈಕಾಲ್ ಸರೋವರವನ್ನು ವರ್ಣಿಸುವುದು ಕಷ್ಟ. ಆಳ 1,642 ಮೀಟರು, ಜಗತ್ತಿನಲ್ಲಿಯೇ ಅತಿ ಆಳವಾದದ್ದು. ಭೂಮಿಯ ಮೇಲೆ ಹೆಪ್ಪುಗಟ್ಟದೆ ಇರುವ ಸಿಹಿನೀರಿನ ಐದನೆಯ ಒಂದು ಪಾಲು ಇದೊಂದರಲ್ಲಿಯೇ ಇದೆ. ಮುನ್ನೂರಕ್ಕೂ ಹೆಚ್ಚು ನದಿ ಹಳ್ಳಗಳು ಬಂದು ಸೇರುತ್ತವೆ, ಹೊರಬೀಳುವುದು ಅಂಗಾರಾ ಒಂದೇ. ಕೂಡಲಸಂಗಮದ ಕಡೆಯ ನೀರು ಕಂಡ ಇಂಜಿನಿಯರರು ಬಹಳ ಹೊತ್ತು ಮಾತಾಡಲಿಲ್ಲ. ದಂಡೆಯ ಸುತ್ತ ಹಳಿ ಇನ್ನೂ ಪೂರ್ಣಗೊಳ್ಳದಿದ್ದಾಗ, 1904ರ ಜಪಾನ್ ಯುದ್ಧದ ಚಳಿಗಾಲದಲ್ಲಿ, ಇದರ ಮಂಜಿನ ಮೇಲೆಯೇ ಹಳಿ ಹಾಸಿ ಗಾಡಿಗಳನ್ನು ಕುದುರೆಗಳಿಂದ ಎಳೆಸಿದ್ದರು. ಆ ದಿನ ನಮ್ಮ ಮೂವರ ಲಿಂಗಕ್ಕೂ ಬೈಕಾಲಿನ ನೀರೇ ಅಗ್ಘವಣಿಯಾಯಿತು. ಬೊಗಸೆಯಲ್ಲಿ ಹಿಡಿದರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಮರುದಿನ ಹಿಡಿದ ರೈಲು ಅದರ ದಂಡೆಯ ಗುಂಟ ಇನ್ನೂರು ಕಿಲೋಮೀಟರಿಗೂ ಹೆಚ್ಚು ಓಡಿತು. ಸ್ಲ್ಯುದ್ಯಾಂಕ ನಿಲ್ದಾಣದ ಕಟ್ಟಡವೆಲ್ಲ ಅಲ್ಲಿಯದೇ ಅಮೃತಶಿಲೆಯದು.

ಅದರಾಚೆಗೆ ಬುರ್ಯಾತ್ ಬೌದ್ಧರ ನಾಡು, ಬರ್ಚ್ ಮರಗಳ ಹಳದಿ ಕಾಡು, ಅಮೂರ್ ನದಿ. ನಾಲ್ಕನೆಯ ಬರ್ತಿಗೆ ಬಂದವರನ್ನೆಲ್ಲ ಮೇಜಿಗೆ ಕರೆಯುವ ಕೆಲಸವನ್ನು ಗದಗಿನವರೇ ವಹಿಸಿಕೊಂಡರು. ವ್ಲಾದಿವಸ್ತೋಕ್ ನಿಲ್ದಾಣದಲ್ಲಿ 9288 ಎಂದು ಬರೆದ ಕಂಬದ ಬಳಿ ನಿಂತಾಗ ನಮ್ಮ ಗಂಟಿನಲ್ಲಿ ರೊಟ್ಟಿಯ ಪುಡಿ ಮಾತ್ರ ಉಳಿದಿತ್ತು.

2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಆರಂಭವಾಯಿತು. ಅಂದಿನಿಂದ ಗದಗಿನ ಮಿತ್ರರು ಪೇಟೆಯ ಧಾರಣೆ ನೋಡುವ ಮೊದಲು ಪತ್ರಿಕೆಯಲ್ಲಿ ರಶಿಯಾದ ಸುದ್ದಿ ಓದುತ್ತಾರೆ. ಆಗಾಗ ಫೋನು ಮಾಡಿ, “ಶಾಸ್ತ್ರಿಗಳ, ಆ ಅಜ್ಜಿ ಮೊಮ್ಮಗಗ ಈಗ ವಯಸ್ಸೆಷ್ಟಾತು?” ಎಂದು ಕೇಳುತ್ತಾರೆ. ನಾನು ಲೆಕ್ಕ ಹಾಕಿ ಹೇಳುತ್ತೇನೆ.