ಊರಿಗೆ ಮರಳಿದ ದೇಹ, ಮರಳದ ಗಡಿಯಾರ

ಬೇಸಗೆಯ ರಜೆಯಲ್ಲಿ ನ್ಯೂಯಾರ್ಕಿನ ಬಂಧುಗಳ ಮನೆಗೆ ಹೋಗಿದ್ದ ಬೆಂಗಳೂರಿನ ಕುಟುಂಬವೊಂದು ಊರಿಗೆ ಹಿಂದಿರುಗುತ್ತಿದೆಯೆಂದು ಭಾವಿಸೋಣ. ಲಂಡನ್ನಿನಲ್ಲಿ ವಿಮಾನ ಬದಲಾಯಿಸಿ, ಸುಮಾರು ಒಂದು ದಿನದ ಪ್ರಯಾಣದ ತರುವಾಯ, ಬೆಳಗಿನ ೫ ಗಂಟೆಗೆ ಅವರು ಬೆಂಗಳೂರಿನಲ್ಲಿ ಇಳಿಯುತ್ತಾರೆ. ಮರುದಿನವೇ ಮಕ್ಕಳ ಶಾಲೆ ಆರಂಭ. ತಂದೆಯವರು ಅದೇ ದಿನ ಮಧ್ಯಾಹ್ನ ತಾವೇ ಕಾರು ನಡೆಸಿಕೊಂಡು ಮೈಸೂರಿಗೆ ಹೋಗಿ ಅಜ್ಜಿಯನ್ನು ನೋಡಿ ಬರಬೇಕೆಂದಿದ್ದಾರೆ. ಈ ಯೋಜನೆ ಎಷ್ಟರಮಟ್ಟಿಗೆ ಸರಿಯಾದುದು? ಇದನ್ನು ತಿಳಿಯಬೇಕಾದರೆ ಮರುಪ್ರಯಾಣದ ದಿಕ್ಕನ್ನು ನಾವು ಗಮನಿಸಬೇಕು. ಅದು ಪಶ್ಚಿಮದಿಂದ ಪೂರ್ವಕ್ಕೆ ಸಾಗುವ ಪ್ರಯಾಣ.

ಬೆನ್ನ ಹಿಂದಿನ ಗಾಳಿ

ಲಂಡನ್ನಿನಿಂದ ನ್ಯೂಯಾರ್ಕಿಗೆ ಹೋಗಲು ವಿಮಾನಕ್ಕೆ ಸುಮಾರು ೮ ಗಂಟೆ ಬೇಕು. ಹಿಂದಿರುಗಲು ಸುಮಾರು ೭ ಗಂಟೆ ಸಾಕು. ದಾರಿ ಒಂದೇ ಆದರೂ ಈ ವ್ಯತ್ಯಾಸವೇಕೆ? ಭೂಮಿಯ ತಿರುಗುವಿಕೆಯೇ ನೇರವಾಗಿ ಇದಕ್ಕೆ ಕಾರಣವೆಂದು ಕೆಲವರು ಊಹಿಸುವುದುಂಟು. ಆದರೆ ಭೂಮಿಯೊಡನೆ ವಾಯುಮಂಡಲವೂ ಸುತ್ತುತ್ತದೆ; ವಿಮಾನ ಹಾರುವುದು ಆ ವಾಯುವಿನಲ್ಲಿಯೇ. ನಿಜವಾದ ಕಾರಣ, ೯ರಿಂದ ೧೨ ಕಿಲೋಮೀಟರು ಎತ್ತರದಲ್ಲಿ ಪೂರ್ವಾಭಿಮುಖವಾಗಿ ಹರಿಯುವ ಗಾಳಿಯ ಹೊಳೆ. ಇದಕ್ಕೆ ಜೆಟ್ ಪ್ರವಾಹವೆಂದು ಹೆಸರು. ಉಷ್ಣವಲಯದ ಬಿಸಿಗಾಳಿಗೂ ಧ್ರುವಪ್ರದೇಶದ ತಣ್ಣನೆಯ ಗಾಳಿಗೂ ನಡುವಣ ಉಷ್ಣತೆಯ ಅಂತರದಿಂದ ಇದು ಹುಟ್ಟುತ್ತದೆ. ಭೂಮಿಯ ಆವರ್ತನೆ ಇದನ್ನು ಪೂರ್ವಕ್ಕೆ ತಿರುಗಿಸುತ್ತದೆ.

೧೯೨೦ರ ದಶಕದಲ್ಲಿ ಜಪಾನಿನ ವಾಸಬುರೋ ಓಯಿಶಿ ಎಂಬ ಪವನವಿಜ್ಞಾನಿ ಬಲೂನುಗಳನ್ನು ಹಾರಿಬಿಟ್ಟು ಈ ರಭಸದ ಗಾಳಿಯನ್ನು ಅಳೆದರು. ೨೦೨೦ರ ಫೆಬ್ರವರಿಯಲ್ಲಿ ಇದರ ಬಲದಿಂದ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ೫ ಗಂಟೆಗೂ ಕಡಮೆ ಅವಧಿಯಲ್ಲಿ ನ್ಯೂಯಾರ್ಕಿನಿಂದ ಲಂಡನ್ ತಲಪಿತು. ಮನೆಗೆ ಮರಳುವವರಿಗೆ ಪ್ರಕೃತಿಯೇ ಬೆನ್ನು ತಟ್ಟಿ ಕಳುಹಿಸುತ್ತದೆಯೆನ್ನಬಹುದು.

ಒಳಗಿನ ಗಡಿಯಾರ

ಆದರೆ ವಿಮಾನಕ್ಕೆ ಅನುಕೂಲವಾದ ದಿಕ್ಕೇ ದೇಹಕ್ಕೆ ಪ್ರತಿಕೂಲ. ಭೂಮಿ ಗಂಟೆಗೆ ೧೫ ಡಿಗ್ರಿ ತಿರುಗುತ್ತದೆ. ಆದುದರಿಂದ ಪೂರ್ವಕ್ಕೆ ಹೋದಂತೆಲ್ಲ ಗಡಿಯಾರವನ್ನು ಮುಂದಕ್ಕೆ ತಿರುಗಿಸಬೇಕು. ಬೇಸಗೆಯಲ್ಲಿ ನ್ಯೂಯಾರ್ಕಿಗಿಂತ ಬೆಂಗಳೂರು ಒಂಬತ್ತೂವರೆ ಗಂಟೆ ಮುಂದಿದೆ. ಕೈಗಡಿಯಾರವನ್ನು ಕ್ಷಣದಲ್ಲಿ ತಿದ್ದಬಹುದು. ದೇಹದ ಗಡಿಯಾರವನ್ನು ಹಾಗೆ ತಿದ್ದಲಾಗದು.

ಜೀವಿಗಳೊಳಗೆ ಇಂಥ ಗಡಿಯಾರವುಂಟೆಂಬ ಸುಳಿವು ಮೊದಲು ದೊರೆತದ್ದು ಒಂದು ಗಿಡದಿಂದ. ೧೭೨೯ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ವಿದ್ವಾಂಸ, ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲೆಯಲ್ಲಿಟ್ಟಾಗಲೂ ಅದರ ಎಲೆಗಳು ಹಗಲಿನಲ್ಲಿ ಅರಳಿ ರಾತ್ರಿಯಲ್ಲಿ ಮುಚ್ಚಿಕೊಳ್ಳುವುದನ್ನು ಕಂಡನು. ಮನುಷ್ಯನಲ್ಲಿ ಮುಖ್ಯ ಗಡಿಯಾರವಿರುವುದು ಮಿದುಳಿನ ತಳಭಾಗದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವೆಡೆಯ ಮೇಲೆ. ಸುಮಾರು ೨೦,೦೦೦ ನರಕೋಶಗಳ ಪುಟ್ಟ ಗುಂಪು ಅದು. ಕೋಶಗಳೊಳಗೆ ಈ ಯಂತ್ರ ನಡೆಯುವ ಬಗೆಯನ್ನು ಹಣ್ಣುನೊಣದ ಅಧ್ಯಯನದಿಂದ ಬಿಡಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ನಮ್ಮ ಗಡಿಯಾರಕ್ಕೆ ಒಂದು ವಿಶೇಷವುಂಟು. ಬಹುಮಂದಿಯಲ್ಲಿ ಅದರ ಒಂದು ಸುತ್ತು ೨೪ ಗಂಟೆಗಿಂತ ತುಸು ಹೆಚ್ಚು. ಆದಕಾರಣ ತಡವಾಗಿ ಮಲಗುವುದು ನಮಗೆ ಸುಲಭ, ಬೇಗ ಮಲಗುವುದು ಕಷ್ಟ. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ. ದೇಹ ಅದನ್ನು ಸಹಿಸುತ್ತದೆ. ಪೂರ್ವಕ್ಕೆ ಮರಳುವಾಗ ದಿನ ಮೊಟಕಾಗುತ್ತದೆ. ಆಗ ದೇಹ ತನ್ನ ಗಡಿಯಾರವನ್ನು ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಮುಂದಕ್ಕೆ ಸರಿಸಬಲ್ಲದು. ಒಂಬತ್ತೂವರೆ ಗಂಟೆಯ ಸಾಲ ತೀರಲು ವಾರಕ್ಕೂ ಹೆಚ್ಚು ಕಾಲ ಬೇಕು.

ಬೆಳಕೆಂಬ ಮದ್ದು

ಈಗ ಆ ಕುಟುಂಬದ ಯೋಜನೆಯನ್ನು ಪರೀಕ್ಷಿಸೋಣ. ಬೆಂಗಳೂರಿನಲ್ಲಿ ಮಧ್ಯಾಹ್ನ ೨ ಗಂಟೆಯಾದಾಗ ದೇಹಕ್ಕೆ ಇನ್ನೂ ನಸುಕಿನ ನಾಲ್ಕೂವರೆ. ದೇಹದ ಉಷ್ಣತೆ ತೀರ ಇಳಿದು ನಿದ್ರೆ ಬಲವಾಗಿ ಎಳೆಯುವ ಹೊತ್ತು ಇದೇ. ಕಾಫಿಯೂ ಮನೋಬಲವೂ ಅದನ್ನು ಪೂರ್ತಿಯಾಗಿ ಗೆಲ್ಲಲಾರವು. ಆ ಹೊತ್ತಿನಲ್ಲಿ ಕಾರು ನಡೆಸುವುದು ಪ್ರಾಣಾಪಾಯಕ್ಕೆ ಎಡೆಗೊಡುವ ಕೆಲಸ. ಮೈಸೂರಿನ ಪ್ರಯಾಣವನ್ನು ಮುಂದೂಡಬೇಕು, ಇಲ್ಲವೆ ನಿದ್ರೆ ಪೂರೈಸಿದ ಬೇರೊಬ್ಬರು ಕಾರು ನಡೆಸಬೇಕು. ಮರುದಿನ ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸುವ ಮಗುವೂ ಸೋಮಾರಿಯಲ್ಲ.

ದೇಹದ ಗಡಿಯಾರವನ್ನು ತಿದ್ದುವ ಮುಖ್ಯ ಸಾಧನ ಬೆಳಕು. ಆದರೆ ಹೊತ್ತನ್ನರಿತು ಬಳಸಬೇಕು. ಉಷ್ಣತೆ ತೀರ ಇಳಿಯುವ ಗಳಿಗೆಯ ಅನಂತರ ಬಿದ್ದ ಬೆಳಕು ಗಡಿಯಾರವನ್ನು ಮುಂದೆ ತಳ್ಳುತ್ತದೆ. ಅದಕ್ಕೆ ಮೊದಲು ಬಿದ್ದರೆ ಹಿಂದಕ್ಕೆಳೆಯುತ್ತದೆ. ಬಂದಿಳಿದವರಿಗೆ 'ಬೆಳಗಿನ ಬಿಸಿಲಿನಲ್ಲಿ ತಿರುಗಾಡಿ' ಎಂದು ಬುದ್ಧಿ ಹೇಳುವುದು ವಾಡಿಕೆ. ನ್ಯೂಯಾರ್ಕಿನಿಂದ ಬಂದವರಿಗೆ ಮೊದಲ ದಿನ ಆ ಬಿಸಿಲು ದೇಹದ ರಾತ್ರಿಯಲ್ಲಿ ಬೀಳುವುದರಿಂದ ಪರಿಣಾಮ ವಿಪರೀತವಾಗುತ್ತದೆ. ಮೊದಲ ದಿನ ಪೂರ್ವಾಹ್ನದಲ್ಲಿ ಮಂದಬೆಳಕಿನ ಕೋಣೆಯಲ್ಲಿದ್ದು, ೩ ಗಂಟೆಯ ಮೇಲೆ ಹೊರಗೆ ನಡೆದಾಡುವುದು ಮೇಲು. ಮುಂದಿನ ದಿನಗಳಲ್ಲಿ ಈ ನಡಿಗೆಯನ್ನು ದಿನಕ್ಕೊಂದು ಗಂಟೆ ಬೇಗ ಮಾಡಿಕೊಳ್ಳುತ್ತ ಬರಬೇಕು. ಹೊರಡುವ ಮೊದಲು ಮೂರು ದಿನ, ದಿನಕ್ಕೊಂದು ಗಂಟೆ ಮುಂಚಿತವಾಗಿ ಮಲಗಿ ಎದ್ದರೆ ಸಾಲದ ಒಂದು ಭಾಗ ಅಲ್ಲಿಯೇ ತೀರೀತು.

ಹಡಗಿನ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ವಾರಗಟ್ಟಲೆ ಸಾಗುವ ಪಯಣದಲ್ಲಿ ದೇಹವೂ ಹಡಗಿನೊಡನೆ ನಿಧಾನವಾಗಿ ಊರು ಸೇರುತ್ತಿತ್ತು. ಇಂದು ನಾವು ಮುಂದೆ ಬಂದುಬಿಡುತ್ತೇವೆ, ದೇಹದ ಗಡಿಯಾರ ಹಿಂದಿನಿಂದ ಬರುತ್ತದೆ. ಅದಕ್ಕಾಗಿ ರಜೆಯ ಕೊನೆಯ ಕೆಲವು ದಿನಗಳನ್ನು ಮೀಸಲಿಟ್ಟು ಊರಿಗೆ ಮರಳುವುದು ವಿವೇಕ.