ಬಾಯ್ಲರಿಗೂ ಬೇಕು ಕಲಾಯಿ

ಹಿತ್ತಾಳೆಯ ಪಾತ್ರೆಯಲ್ಲಿ ಹುಣಸೆಯ ಸಾರು ಕುದಿಸುವ ಮುನ್ನ ಅದರ ಕಲಾಯಿ ಸವೆದಿದೆಯೇ ಎಂದು ನಮ್ಮ ಅಜ್ಜಿಯರು ನೋಡುತ್ತಿದ್ದುದುಂಟು. ಸವೆದಿದ್ದರೆ ಹುಳಿಯು ಲೋಹಕ್ಕೆ ತಗಲಿ ಸಾರೆಲ್ಲ ಕಿಲುಬಾಗುತ್ತಿತ್ತು. ಇದೇ ಉಪಾಯವನ್ನು ವಿದ್ಯುತ್ ಕೇಂದ್ರದ ಬಾಯ್ಲರಿನಲ್ಲಿ, ಬೆಂಕಿಯ ಬಾಯಲ್ಲಿರುವ ಉಕ್ಕಿನ ಕೊಳವೆಗಳಿಗೂ ಮಾಡುತ್ತಾರೆಂದರೆ ಸೋಜಿಗವಾದೀತು.

ನಮ್ಮ ರಾಯಚೂರಿನ ಕೇಂದ್ರವನ್ನೇ ನೋಡಿ. ಕೃಷ್ಣೆಯ ದಡದ ಶಕ್ತಿನಗರದಲ್ಲಿ ಇದರ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಎಂಟು ಘಟಕಗಳು ಮುಗಿದಾಗ ಸಾಮರ್ಥ್ಯ 1720 ಮೆಗಾವ್ಯಾಟಿಗೆ ಏರಿತು. ಇಂಥ ಕೇಂದ್ರಗಳಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಪುಡಿಮಾಡಿ ಉರಿಸುತ್ತಾರೆ. ಕೊಳವೆಯೊಳಗಿನ ಉಗಿಯ ಶಾಖವೇ ಸುಮಾರು 540 ಡಿಗ್ರಿ ಸೆಂಟಿಗ್ರೇಡ್. ಹೊರಗೆ ಸುತ್ತುವ ಹೊಗೆ ಅದಕ್ಕಿಂತಲೂ ಬಿಸಿ.

ಈ ಕೊಳವೆಗೆ ಇಬ್ಬರು ವೈರಿಗಳು. ಒಂದು, ಬೂದಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿಯೇ. ಹೊಗೆಯೊಡನೆ ಹಾರಿ ಬಂದು ಅದು ಮರಳಿನಂತೆ ಉಕ್ಕನ್ನು ಉಜ್ಜುತ್ತದೆ. ಇನ್ನೊಂದು, ಉಪ್ಪು. ಇದ್ದಲಿನ ಗಂಧಕವು ಸೋಡಿಯಂ, ಪೊಟ್ಯಾಸಿಯಂಗಳೊಡನೆ ಕೂಡಿ ಸಲ್ಫೇಟುಗಳಾಗಿ ಕೊಳವೆಗೆ ಅಂಟುತ್ತದೆ. ಬರಿಯ ಸೋಡಿಯಂ ಸಲ್ಫೇಟು ಕರಗಲು 884 ಡಿಗ್ರಿ ಬೇಕು. ಆದರೆ ಲವಣಗಳು ಒಂದಕ್ಕೊಂದು ಬೆರೆತಾಗ ಬಹಳ ಕಡಿಮೆ ಶಾಖಕ್ಕೇ ಕರಗುತ್ತವೆ. ಕರಗಿದ ಉಪ್ಪು ಉಕ್ಕಿನ ಮೇಲಿರುವ ಸಹಜವಾದ ಪೊರೆಯನ್ನೂ ತಿಂದುಹಾಕುತ್ತದೆ.

ಒಂದು ಕೊಳವೆ ತೂತಾದರೂ ಇಡೀ ಘಟಕವನ್ನು ನಿಲ್ಲಿಸಬೇಕು. ಬಾಯ್ಲರು ಆರಿದ ಮೇಲೆ ಕೆಲಸಗಾರರು ಕತ್ತಲೆಯ ಇಕ್ಕಟ್ಟಿನಲ್ಲಿ ನುಗ್ಗಿ ಬೆಸುಗೆ ಹಾಕಬೇಕು. ಅಷ್ಟು ದಿನ ಊರಿಗೆ ಆ ವಿದ್ಯುತ್ತು ಇಲ್ಲ.

ಆದ್ದರಿಂದಲೇ ಲೇಪ. ನಿಕ್ಕಲ್ ಮತ್ತು ಕ್ರೋಮಿಯಂ ಪುಡಿಯನ್ನು ಜ್ವಾಲೆಯಲ್ಲಿ ಕಾಯಿಸಿ, ಶಬ್ದಕ್ಕಿಂತ ವೇಗವಾಗಿ ಹೊಮ್ಮುವ ಅನಿಲದೊಡನೆ ಕೊಳವೆಯ ಮೇಲೆ ಎರಚುತ್ತಾರೆ. ಅದರ ದಪ್ಪ ಒಂದು ಮಿಲಿಮೀಟರೂ ಇರುವುದಿಲ್ಲ. ಕ್ರೋಮಿಯಂ ಆಮ್ಲಜನಕದೊಡನೆ ಸೇರಿ ಒತ್ತಾದ ಪೊರೆಯಾಗಿ ಉಪ್ಪನ್ನು ತಡೆಯುತ್ತದೆ. ಬೂದಿಯ ಉಜ್ಜಾಟ ಹೆಚ್ಚಿರುವಲ್ಲಿ ಗಟ್ಟಿಯಾದ ಕ್ರೋಮಿಯಂ ಕಾರ್ಬೈಡನ್ನೂ ಬೆರೆಸುವುದುಂಟು. ಲೋಹವನ್ನು ಎರಚುವ ಈ ವಿದ್ಯೆಯನ್ನು 1910ರ ಸುಮಾರಿಗೆ ರೂಢಿಗೆ ತಂದವನು ಸ್ವಿಟ್ಜರ್ಲೆಂಡಿನ ಷೂಪ್. ಇಂಥ ಲೇಪಗಳನ್ನು ಕರಗಿದ ಉಪ್ಪಿನಲ್ಲಿಟ್ಟು ಪರೀಕ್ಷಿಸುವ ಸಂಶೋಧನೆ ನಮ್ಮ ಸುರತ್ಕಲ್ಲಿನ ಎನ್.ಐ.ಟಿ.ಯಲ್ಲಿಯೂ ನಡೆದಿದೆ. ಬಾಯ್ಲರುಗಳಿಗೆ ಹೆಸರಾದ ಥರ್ಮ್ಯಾಕ್ಸ್ ಕಂಪನಿಯಂತೂ ನಾವಿರುವ ಪುಣೆಯದೇ.

ಕಲಾಯಿಯವನು ಮೊದಲು ಪಾತ್ರೆಯನ್ನು ತಿಕ್ಕಿ ಕೊಳೆ ತೆಗೆಯುತ್ತಾನೆ. ಇಲ್ಲದಿದ್ದರೆ ತವರ ಹಿಡಿಯದು. ಇಲ್ಲಿಯೂ ಹಾಗೆಯೇ. ಹರಳುಪುಡಿ ರಾಚಿ ಕೊಳವೆಯ ಮೈಯನ್ನು ಶುಚಿ ಮಾಡಿ ತರಿತರಿಯಾಗಿಸಬೇಕು. ಈ ಕೆಲಸದಲ್ಲಿ ಉಳಿತಾಯ ಮಾಡಿದರೆ ಎಷ್ಟು ಬೆಲೆಯ ಲೇಪವಾದರೂ ಸಿಪ್ಪೆಯಂತೆ ಏಳುತ್ತದೆ.

ಲೇಪವೂ ಶಾಶ್ವತವಲ್ಲ. ಕೊಳವೆಯ ಬದಲು ತಾನು ಸವೆಯುವುದೇ ಅದರ ಕೆಲಸ. ದುರಸ್ತಿಗೆ ಬಾಯ್ಲರು ನಿಂತಾಗಲೆಲ್ಲ ದಪ್ಪ ಅಳೆದು, ಸವೆದಲ್ಲಿ ಮತ್ತೆ ಲೇಪ ಕೊಡಬೇಕು. ಸಾರಿಗೆ ಮುನ್ನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ಅಜ್ಜಿಗೆ ಈ ಮಾತು ಹೇಳಿಕೊಡಬೇಕಾಗಿರಲಿಲ್ಲ.