ಮಗುವಿನ ಕೋಣೆ

ಉಡುಪಿ, ಕಾರ್ಕಳಗಳ ಹಳೆಯ ಮನೆಗಳಲ್ಲಿ ಮಗುವಿಗೆಂದು ಬೇರೆ ಕೋಣೆ ಇರುತ್ತಿದ್ದುದು ಅಪರೂಪ. ಚಾವಡಿಯ ನೆಲದ ಮೇಲೊಂದು ಚಾಪೆ. ಎಚ್ಚರವಾದ ಕೂಸು ಯಾರನ್ನೂ ಕರೆಯದೆ ಹೊಸ್ತಿಲಿನವರೆಗೆ ಅಂಬೆಗಾಲಿಕ್ಕುತ್ತಿತ್ತು. ಅಂಗಳದ ಬಾವಿಯ ಭಯ ಮಾತ್ರ ಇದ್ದೇ ಇತ್ತು. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದ ಮರಿಯಾ ಮಾಂಟೆಸರಿಯವರು ಮಕ್ಕಳ ಅಳತೆಯ ಮೇಜು ಕುರ್ಚಿಗಳನ್ನು ಮಾಡಿಸಿದರು, ಮಗು ತಾನಾಗಿ ಏರಿ ಇಳಿಯಬಲ್ಲ ತಗ್ಗಾದ ಹಾಸಿಗೆ ಬೇಕೆಂದರು. ನಮ್ಮ ಚಾಪೆ ಅದಕ್ಕಿಂತಲೂ ತಗ್ಗು!

ಇಂದು ಮಣಿಪಾಲದ ಬಹುಮಹಡಿ ಮನೆಗಳಲ್ಲಿ ಮಗುವಿಗೆ ಕೋಣೆಯೇನೋ ದೊರೆತೀತು. ಆದರೆ ಅಂಗಿಯ ಗೂಟ, ಕನ್ನಡಿ, ಪುಸ್ತಕದ ಕಪಾಟು ಎಲ್ಲವೂ ದೊಡ್ಡವರ ಕೈಯೆತ್ತರದಲ್ಲಿದ್ದರೆ, ಒಂದೊಂದಕ್ಕೂ ಅಮ್ಮನನ್ನು ಕೂಗಬೇಕು. ಗೂಟವನ್ನು ಮಗುವಿನ ಭುಜದ ಮಟ್ಟಕ್ಕೆ ಇಳಿಸಲು ಎಷ್ಟು ಖರ್ಚಾದೀತು?

‘ಮುಟ್ಟಬೇಡ’ ಎಂದು ಗದರಿಸುವುದಕ್ಕಿಂತ ಮುಟ್ಟಬಾರದ್ದನ್ನು ಅಲ್ಲಿಂದ ತೆಗೆದುಬಿಡುವುದೇ ಲೇಸು. ಕಪಾಟನ್ನು ಗೋಡೆಗೆ ಬಿಗಿಯಬೇಕು. ಅದರ ಖಾನೆಗಳನ್ನು ಹೊರಗೆಳೆದು ಮೆಟ್ಟಿಲಾಗಿಸಿಕೊಂಡ ಮಗುವಿನ ಮೇಲೆ ಅದು ಮಗುಚಿ ಬೀಳುವುದುಂಟು. ಕಿಟಕಿಗೆ ಸರಳು ಬೇಕು, ಅದರ ಬುಡದಲ್ಲಿ ಮಂಚ ಕೂಡದು. ಕಾಪುವಿನಂತಹ ಕಡಲಂಚಿನ ಊರುಗಳಲ್ಲಿ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಮಳೆಗಾಲ ಕಳೆದೊಡನೆ ಸರಳು, ಮೊಳೆಗಳನ್ನು ಅಲುಗಿಸಿ ನೋಡಬೇಕು. ಇಷ್ಟಾದ ಮೇಲೆ, ಮಗು ಅಂಗಿಯನ್ನು ಹಿಂದುಮುಂದಾಗಿ ತೊಟ್ಟುಕೊಂಡು ಬಂದರೂ ತಾಯ್ತಂದೆಯರು ಸುಮ್ಮನಿರಬಹುದು.